ಏಳು ಮೊಳದ ಹಗ್ಗ

"ನಾಳೆ ನನ್ನ ಮಗನ ತಲೆ ತೆಗೀತಾರೆ. ಹೇಗಾದ್ರೂ ಉಳಿಸಿಕೊಡು, ಲೆಕ್ಕದಣ್ಣಾ," ಎಂದು ಸಾಂಗ್ ಅವ್ವ ಗೆಂಗ್‌ನ ಕಾಲು ಹಿಡಿದಳು.

ಗೆಂಗ್ ನಮ್ಮ ಕಾಲುವೆ ಕಚೇರಿಯ ಲೆಕ್ಕಿಗ. ಹದಿನೈದು ವರ್ಷ ಅವನ ಎಣಿಕೆಕಡ್ಡಿಗಳ ಚೀಲ ಹೊತ್ತವನು ನಾನು.

ಊರ ಮುಖಂಡ ಬೋ ಬೆಳಗಿನ ಜಾವ ಬಾವಿಕಟ್ಟೆಯ ಮೇಲೆ ಸತ್ತು ಬಿದ್ದಿದ್ದ. ಕೊರಳಲ್ಲಿ ಏಳು ಮೊಳದ ಇಡೀ ಹಗ್ಗ. ಅವ್ವನ ಅಳಿಯನನ್ನು ಗೋಡೆ ಕಟ್ಟುವ ಬಿಟ್ಟಿ ದುಡಿಮೆಗೆ ಕಳಿಸಿ ಸಾಯಿಸಿದವನು ಈ ಬೋ. ಅದಕ್ಕಾಗಿ ಹಿಂದಿನ ದಿನವಷ್ಟೇ ಅವ್ವನ ಮಗ ಮೆಂಗ್ ಅವನೊಡನೆ ಜಗಳವಾಡಿದ್ದ.

ಬಾವಿಕಟ್ಟೆಯಲ್ಲಿ ಸಾವಾದರೆ ನೀರೆಳೆಯುವ ಹಗ್ಗಗಳನ್ನು ಅಂದೇ ಸುಡುವುದು ನಮ್ಮ ರೂಢಿ. ಆ ಬಾವಿಯ ಮೂರೂ ಮನೆಯವರು, ಅಂದರೆ ಅವ್ವ, ಬೇರೆ ಮನೆಯಲ್ಲಿದ್ದ ಅವಳ ಮಗಳು ಹುಯಿ, ಬೋನ ಹೆಂಡತಿ, ಸುಟ್ಟಿದ್ದರು. ಕೊರಳಿನದೊಂದೇ ಉಳಿದಿತ್ತು.

ವಿಚಾರಣೆ ಮಾಡಿದ ಗುಮಾಸ್ತ ಕೌ ಮೂಗಿನಲ್ಲೇ ರಾಗ ಎಳೆದ: "ನಾನೂ ಲೆಕ್ಕಾ ಹಾಕ್ದೇನಪ್ಪಾ. ಏಳು ಮೊಳಾ ಯಾರ ಮನೆ ಹಗ್ಗಕ್ಕೂ ಬರ್ಲಿಲ್ಲಾ. ಬೆತ್ತಾ ಹಿಡಿದೆ, ನಾಲ್ಕೇ ಏಟಿಗೆ ಆ ಮೆಂಗ್ ಒಪ್ಕೊಂಡಾ!"

ಆ ದನಿಯನ್ನು ಅಣಕಿಸಿ ಎಷ್ಟೋ ಸಲ ಜನರನ್ನು ನಗಿಸಿದ್ದೇನೆ. ಅಂದು ನನಗೇ ನಗು ಬರಲಿಲ್ಲ.

ಗೆಂಗ್ ಎಲ್ಲರನ್ನೂ ಕಟ್ಟೆಗೆ ಕರೆಸಿದ. ಬಾವಿಯ ನೀರಿಗೆ ಇಪ್ಪತ್ತೈದು ಮೊಳ ಆಳ. ಒಂದು ಮನೆಯ ಹಗ್ಗಗಳೆಲ್ಲ ಒಂದೇ ಅಳತೆ. "ನೀರು ಮುಟ್ಟೋಕೆ ಯಾರ್ಯಾರ ಹಗ್ಗ ಎಷ್ಟೆಷ್ಟು ಸೇರಿಸಿ ಗಂಟು ಹಾಕ್ತಿದ್ರಿ?"

"ನಮ್ಮವೆರಡು, ಮಗಳು ಹುಯಿದೊಂದು," ಎಂದಳು ಅವ್ವ.

"ನನ್ನವು ಮೂರು, ಬೋ ಮನೇದೊಂದು," ಎಂದಳು ಹುಯಿ, ನೆಲ ನೋಡುತ್ತ.

"ನಮ್ಮವು ನಾಲ್ಕು, ಅವ್ವಂದೊಂದು," ಎಂದಳು ಬೋನ ಹೆಂಡತಿ.

ಗೆಂಗ್ ಹಲಗೆಯ ಚೌಕಗಳಲ್ಲಿ ಕೆಂಪು ಕಡ್ಡಿಗಳನ್ನು ಮೂವರ ಮಾತಿನಂತೆ ಮೂರು ಸಾಲಾಗಿ ಜೋಡಿಸಿದ. ಮೂರನೆಯ ಸಾಲನ್ನು ಇಮ್ಮಡಿಸಿ ಮೊದಲನೆಯದನ್ನು ಕಳೆದ. ಅವ್ವನ ಮನೆ ಲೆಕ್ಕದಿಂದ ಹೋಯಿತು. ಆದರೆ ಆ ಮೂರನೆಯ ಸಾಲಿನಲ್ಲಿ ಹುಯಿಯ ಚೌಕ ಖಾಲಿ. ಆ ಖಾಲಿಯಿಂದಲೂ ಒಂದು ಕಳೆಯಬೇಕಿತ್ತು.

"ಕೌ ಸಾಹೇಬ್ರೇ, ಇಲ್ಲಿ ನೀವು ಯಾವ ಕಡ್ಡಿ ಇಟ್ರಿ?"

"ಕೆಂಪೂ."

"ಅಲ್ಲೇ ಎಡವಿದ್ರಿ. ಇಲ್ಲದ್ದರಿಂದ ತೆಗೆದ್ರೆ ಕೊರತೆ. ಇರೋದಕ್ಕೆ ಕೆಂಪು, ಕೊರತೆಗೆ ಕಪ್ಪು."

ಬೋ ಮನೆಯ ಎಂಟು ಹಗ್ಗದಲ್ಲಿ ಹುಯಿಯದೊಂದು ಕಡಿಮೆ, ಅಷ್ಟಕ್ಕೆ ಇಪ್ಪತ್ತೈದು ಮೊಳ. ಎರಡನೆಯ ಸಾಲನ್ನು ಎಂಟರಿಂದ ಗುಣಿಸಿ ಇದನ್ನು ಕಳೆದ. ಬೋ ಮನೆಯೂ ಹೋಯಿತು. ಕೊರತೆಯನ್ನು ಕಳೆದದ್ದರಿಂದ ಹುಯಿಯ ಇಪ್ಪತ್ತನಾಲ್ಕು ಇಪ್ಪತ್ತೈದಾಯಿತು. ಅಷ್ಟಕ್ಕೆ ನೂರ ಎಪ್ಪತ್ತೈದು ಮೊಳ.

"ಒಂದಕ್ಕೆ ಏಳು," ಎಂದ ಗೆಂಗ್. ದನಿ ಇಳಿದಿತ್ತು. "ಅವ್ವನದು ಒಂಬತ್ತು, ಬೋ ಮನೇದು ನಾಲ್ಕು. ಕತ್ತಲಾದ್ರೆ ಹಗ್ಗ ಅವರವರ ಮನೆಯೊಳಗೇ. ಹುಯಿ ಮನೇಲಿರೋದು ಹುಯಿ ಒಬ್ಬಳೇ."

"ಅಣ್ಣನ್ನ ಬಿಟ್ಟುಬಿಡ್ತಾರೆ ಅಂದ್ಕೊಂಡಿದ್ದೆ," ಎಂದಳು ಹುಯಿ. "ಆಮೇಲೆ ನಾನೇ ಅಂತ ಹೇಳೋಕೆ ಬಾಯೇ ಬರ್ಲಿಲ್ಲ."

ಕೌ ಮೆಂಗ್‌ನ ಕಟ್ಟು ಬಿಚ್ಚಿಸಿ ಅದೇ ಹಗ್ಗದಿಂದ ತಂಗಿಯ ಕೈ ಕಟ್ಟಿಸಿದ.

ಅವ್ವ ಮಗನನ್ನು ತಬ್ಬಲಿಲ್ಲ. ಹಲಗೆಯ ಮುಂದೆ ಕುಸಿದು ಆ ಕಪ್ಪು ಕಡ್ಡಿಯನ್ನು ಬೆರಳಿನಿಂದ ಮುಟ್ಟಿದಳು.

"ಲೆಕ್ಕದಣ್ಣಾ, ಇದೊಂದನ್ನ ಮತ್ತೆ ಕೆಂಪು ಮಾಡೋಕಾಗತ್ತಾ?"