ನೆಲಕ್ಕೆ ಬಿದ್ದ ನೀಲಿ ಉಂಡೆ

"ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊ. ಈಗ ಸವರಿ ನೋಡು," ಎಂದ ಅಪ್ಪ.

ನವಾರಾ ಚೀಲದೊಳಗೆ ಕೈ ತೂರಿಸಿ ಕಾರಿನ ಬಾನೆಟ್ ಸವರಿದಳು. ಈಗಷ್ಟೇ ತೊಳೆದು ಒರೆಸಿದ ಕಾರು. ಕಣ್ಣಿಗೆ ನುಣ್ಣಗೇ ಕಾಣುತ್ತಿತ್ತು.

"ಅಯ್ಯೋ, ತರಿತರಿ! ಬಸ್ಬೂಸಾ ಸವರಿದ ಹಾಗಿದೆ!" ಅಜ್ಜಿ ಮಾಡುವ ರವೆ ಸಿಹಿ ಅವಳಿಗೆ ನೆನಪಾಗಿತ್ತು.

"ಮರುಭೂಮಿ ಧೂಳು ಕಣೆ. ಪೇಂಟಿಗೆ ಕಚ್ಕೊಂಡು ಕೂತಿದೆ. ಅದನ್ನ ಬಿಡಿಸದೆ ಪಾಲಿಶ್ ಹಾಕಿದ್ರೆ ಧೂಳಿಗೇ ಪಾಲಿಶ್ ಹಾಕಿದ ಹಾಗೆ."

ಕಾರು ಅಬ್ಲಾ ಇಖ್ಲಾಸ್ ಅವರದು. ಅಬ್ಲಾ ಎಂದರೆ ಟೀಚರಮ್ಮ; ನವಾರಾಳಿಗೆ ಲೆಕ್ಕ ಕಲಿಸುವವರು. ನಾಳೆ ಅವರ ತಮ್ಮನ ಮದುವೆ. ಮದುಮಗಳು ಕೂರುವುದು ಇದೇ ಕಾರಿನಲ್ಲಿ. ನೈಲ್ ನದಿಯ ಕಾಲುವೆಯ ದಂಡೆಯ ಮೇಲಿರುವ ಅಪ್ಪನ ಕಾರ್-ವಾಶ್ ಶೆಡ್ಡಿಗೆ ಬಂದ ಮೊದಲ ಮದುವೆ ಕಾರು ಇದು.

ಅಪ್ಪ ಧೂಳು ಕೀಳುವ, ನಾದಿದ ಹಿಟ್ಟಿನಂಥ ನೀಲಿ ಕ್ಲೇ ಮುರಿದು ಒಂದು ಉಂಡೆ ಕೊಟ್ಟ. "ಸೋಪ್ ನೀರು ಚಿಮುಕಿಸಿ ಮೆಲ್ಲಗೆ ಉಜ್ಜು. ಕೊಳೆಯಾದ್ರೆ ಮಡಚಿ ನಾದ್ಕೊ. ನೆಲಕ್ಕೆ ಬಿತ್ತೋ, ಮರಳು ಕಚ್ಕೊಳ್ಳುತ್ತೆ, ಅದರ ಕತೆ ಮುಗೀತು. ಗೊತ್ತಾಯ್ತಾ?"

"ಆಯ್ತು ಉಸ್ತಾ!" ಗಿರಾಕಿಗಳು ಅಪ್ಪನನ್ನು ಮೇಸ್ತ್ರಿ ಎಂದು ಕರೆಯುವ ಹಾಗೆ ಕರೆದು ನವಾರಾ ಸಲ್ಯೂಟ್ ಹೊಡೆದಳು.

ಅಪ್ಪ ಕಾರಿನ ಹಿಂಬದಿಗೆ ಹೋದ. ನವಾರಾ ಉಜ್ಜುತ್ತಾ ಹೋದಳು. ತರಿ ಕರಗಿ ಬಾನೆಟ್ ಗಾಜಿನಂತಾಗುತ್ತಿತ್ತು. ಅಷ್ಟರಲ್ಲಿ ಅಜ್ಜಿಯ ಬಾತುಕೋಳಿ ಬಂದು ಅವಳ ಹಿಮ್ಮಡಿ ಕುಕ್ಕಿತು. ಉಂಡೆ ಮರಳಿಗೆ ಬಿತ್ತು.

ಯೋಚಿಸುವ ಮೊದಲೇ ನವಾರಾ ಅದನ್ನು ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡಳು. ರೊಟ್ಟಿ ಕೆಳಗೆ ಬಿದ್ದರೆ ಮನೆಯಲ್ಲಿ ಎಲ್ಲರೂ ಹಾಗೇ ಮಾಡುವುದು. ಆಮೇಲೆ ನಲ್ಲಿಯಲ್ಲಿ ತೊಳೆದಳು. ಮುತ್ತಿಟ್ಟಾಯಿತು, ತೊಳೆದಾಯಿತು. ಇನ್ನೇನು?

ಉಜ್ಜಿದಳು. ಸರ್ರೆಂದು ಸದ್ದಾಯಿತು. ಬೆಕ್ಕು ಪರಚಿದಂತೆ ಮೂರು ಗೀರು!

ಒರೆಸುವ ಬಟ್ಟೆಯನ್ನು ಗೀರಿನ ಮೇಲೆ ಹಾಸಿದಳು. ಮತ್ತೆ ತೆಗೆದಳು.

"ಅಪ್ಪಾ... ಬಾ ಇಲ್ಲಿ."

ಅಪ್ಪ ನೋಡಿದ. ಹುಬ್ಬು ಗಂಟಾಯಿತು. "ಬಿದ್ದಿತ್ತಾ?"

"ಹ್ಞೂಂ. ಆದ್ರೆ ಮುತ್ತು ಕೊಟ್ಟೆ."

"ಏನು?"

"ಮುತ್ತು. ರೊಟ್ಟಿಗೆ ಕೊಡ್ತೀವಲ್ಲ, ಹಾಗೆ."

ಬಯ್ಯಲು ತೆರೆದ ಅಪ್ಪನ ಬಾಯಿಂದ ನಗು ಬಂತು. "ರುಚಿ ಹೇಗಿತ್ತು?"

"ಸೋಪು ಸೋಪು."

ಅಪ್ಪ ಗೀರಿನ ಮೇಲೆ ಉಗುರು ಎಳೆದ. "ಉಗುರಿಗೆ ಸಿಗ್ತಿಲ್ಲ, ಆಳ ಇಲ್ಲ. ಪಾಲಿಶ್ ಹಾಕಿದ್ರೆ ಹೋಗಬಹುದು. ಆದ್ರೆ ಟೀಚರಿಗೆ ನೀನೇ ಹೇಳ್ಬೇಕು."

ಸಂಜೆಯ ಹೊತ್ತಿಗೆ ಎರಡು ಗೀರು ಮಾಯವಾಗಿದ್ದವು. ಒಂದು ಮಾತ್ರ ಕೂದಲೆಳೆಯಂತೆ ಉಳಿದಿತ್ತು. ಅಬ್ಲಾ ಇಖ್ಲಾಸ್ ಬಂದೊಡನೆ ನವಾರಾ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ, ಗೀರನ್ನು ತೋರಿಸಿದಳು.

ಅವರು ಕನ್ನಡಕ ಏರಿಸಿ ಬಗ್ಗಿದರು. "ಎಲ್ಲೇ? ನಿನ್ನ ಹೋಂವರ್ಕ್ ಥರ ಕಣ್ಣಿಗೇ ಬೀಳ್ತಿಲ್ಲವಲ್ಲ!" ಮತ್ತೂ ಬಗ್ಗಿದರು. "ಓ, ಇಲ್ಲಿದೆ. ಇದರ ಮೇಲೇ ಹೂವಿನ ಗೊಂಚಲು ಕಟ್ಟೋಣ. ನಾಳೆ ಬಂದು ನೀನೇ ಕಟ್ಟು."

ಮುಂದಿನ ಶುಕ್ರವಾರ, ಶಾಲೆಗೆ ವಾರದ ರಜೆ. ಶೆಡ್ಡಿನಲ್ಲಿ ಇನ್ನೊಂದು ಕಾರು. ಬಾತುಕೋಳಿ ದೂರ ಕಾಲುವೆಯಲ್ಲಿತ್ತು. ಆದರೂ ಸೋಪಿನ ಕೈಯಿಂದ ಉಂಡೆ ಜಾರಿ ಮರಳಿಗೆ ಬಿತ್ತು. ಅಪ್ಪ ಆ ಕಡೆ ತಿರುಗಿದ್ದ.

ನವಾರಾ ಅದನ್ನು ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡಳು. ಬಿದ್ದ ರೊಟ್ಟಿಯನ್ನು ಅಜ್ಜಿ ಇಡುವ ಹಾಗೆಯೇ, ಯಾರೂ ತುಳಿಯದಂತೆ, ಗೋಡೆಯ ಮೇಲೆ ಇಟ್ಟಳು.

"ಅಪ್ಪಾ, ಇನ್ನೊಂದು ಉಂಡೆ ಕೊಡು."