ತಗ್ಗುತ್ತಿದ್ದ ಗುಂಡಿ

ಈ ಸಂಗತಿಗೆ ನನ್ನ ಬೆರಳುಗಳೇ ಸಾಕ್ಷಿ. ೧೯೭೨ರಲ್ಲಿ ಕಿಕ್ಕೇರಿಯಲ್ಲಿ ನಾನು ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದೆ. ಭಾನುವಾರ ಶ್ರೀರಂಗಪಟ್ಟಣದ ವಾದ್ಯಗೋಷ್ಠಿಯವರು ನನ್ನನ್ನು ಪರೀಕ್ಷಿಸುವವರಿದ್ದರು. ಹೊಸ ಆಂಪ್ಲಿಫೈಯರಿನ ಬೆಲೆ ನನ್ನ ಕೈಗೆ ಎಟುಕದ್ದರಿಂದ ರೇಡಿಯೊ ರಿಪೇರಿಯ ದೇವರಾಜು ಹಳೆಯ ರೇಡಿಯೊವೊಂದನ್ನೇ ಮಾರ್ಪಡಿಸಿ ಕೊಟ್ಟಿದ್ದ.

ಅವನ ಅಂಗಡಿಯಲ್ಲೇ ಕೂತು ನುಡಿಸುವಾಗ ದನಿಯ ಗುಂಡಿಯನ್ನು ಎಷ್ಟು ಏರಿಸಿದರೂ ಅದು ಮೆಲ್ಲನೆ ಹಿಂದೆ ಸರಿದು ಒಂದೇ ಗೆರೆಗೆ ನಿಲ್ಲುತ್ತಿತ್ತು. ಒಳಗೆ ವಾಲ್ವುಗಳು ಕಾದು ಕೆಂಪಗಿದ್ದರೂ ಗುಂಡಿ ಮಾತ್ರ ಬಾವಿಯ ನೀರಿನಂತೆ ತಣ್ಣಗಿತ್ತು. ಪ್ರತಿಸಲವೂ ಬಳೆ ತಾಕಿದ ಸದ್ದು.

“ಬಾರ್ಸಕ್ ಬರ್ದೆ ಗುಂಡಿ ಮ್ಯಾಲಾಕ್ತೀಯಲ್ಲ ಲೇ!” ಎಂದು ನಕ್ಕು ಬಿಗಿಮಾಡಲು ಬಂದ ದೇವರಾಜು, ಅದು ತಾನೇ ತಿರುಗಿದ್ದನ್ನು ಕಂಡು ಕೈ ಹಿಂದೆಗೆದ.

“ಇದು ನಮ್ ಅಂಗ್ಡಿ ಪಕ್ಕದ್ಮನೆ ಸರಸಮ್ಮೋರ ರೇಡಿಯೋ ಕಣ್ಲಾ. ಗಂಡ ಅಂದಾನಯ್ಯೋರು ಕಾಯ್ಲೆ ಬಿದ್ದಾಗಿಂದ, ಮಲಗವ್ರೆ ಅಂತ ಆವಮ್ಮ ಇಂಗೇ ತಗ್ಗಿಸ್ತಿದ್ರು. ಓದ್ ತಿಂಗ್ಳು ಆವಮ್ಮನೇ ತೀರೋಗ್ಬುಟ್ರು.”

ಶನಿವಾರ ಮಧ್ಯಾಹ್ನ ಗುಂಡಿ ಹಿಂದೆ ಸರಿಯಲಿಲ್ಲ. ದನಿ ಕೇರಿಯನ್ನೆಲ್ಲ ತುಂಬಿತು. ಪರೀಕ್ಷೆ ಗೆದ್ದೆನೆಂದೇ ಹಿಗ್ಗಿ ನುಡಿಸುತ್ತಿದ್ದೆ, ದೇವರಾಜು ಓಡಿಬಂದ.

“ನಿಲ್ಸ್ಲಾ! ಅಂದಾನಯ್ಯೋರು ಈಗ್ತಾನೆ ತೀರ್ಕಂಡ್ರು.”

ಆರಿಸಲೆಂದು ಗುಂಡಿಯನ್ನು ಮುಟ್ಟಿದೆ. ಆಗತಾನೆ ಯಾರೋ ಕೈ ತೆಗೆದಂತೆ ಅದು ಬೆಚ್ಚಗಿತ್ತು.