ಪುಕ್ಕಟೆ ಪೊರಕೆ

ಪುಕ್ಕಟೆ ಕೊಡುವ ವಸ್ತುವಿಗೂ ಒಂದು ಬೆಲೆ ಇರುತ್ತದೆ. ಅದನ್ನು ತೆಗೆದುಕೊಳ್ಳುವವರು ಕೊಡುವುದಿಲ್ಲ, ಅಷ್ಟೇ. ಅವಳ ಪೊರಕೆಯ ಬೆಲೆ ಹೀಗಿತ್ತು: ಏಳು ವರ್ಷ, ವರ್ಷಕ್ಕೆ ಐವತ್ತೆರಡರಂತೆ ಮುನ್ನೂರ ಅರವತ್ತನಾಲ್ಕು ಭಾನುವಾರ. ಮೂರು ಸಲ ಬದಲಾದ ಕನ್ನಡಕದ ನಂಬರು. ಕುಡಿಯಲು ಮರೆತು ಆರಿಹೋದ, ಲೆಕ್ಕವಿಲ್ಲದಷ್ಟು ಟೀ. ಜೊತೆಗೆ ಚಿಕ್ಕಮ್ಮ ಪರಿಚಯ ಮಾಡಿಸಿದ್ದ ಒಬ್ಬ ಒಳ್ಳೆಯ ಹುಡುಗ. ಹೋಟೆಲಿನಲ್ಲಿ ಎದುರಿಗೆ ಕೂತಿದ್ದವನು, ಅವಳು ಯಾರೋ ಅಪರಿಚಿತರಿಗೆ ಫೋನಿನಲ್ಲಿ ನಲವತ್ತು ನಿಮಿಷ ಪಾಠ ಹೇಳಿ ಮುಗಿಸುವಷ್ಟರಲ್ಲಿ ಎದ್ದು ಹೋಗಿದ್ದ. ಅವನ ಊಟದ ಬಿಲ್ಲನ್ನೂ ಅವಳೇ ಕೊಟ್ಟಿದ್ದಳು.

ಪೊರಕೆ ಎಂದರೆ ಮನೆ ಗುಡಿಸುವ ಪೊರಕೆಯಲ್ಲ; ಅವಳು ಬರೆದ ಒಂದು ಸಣ್ಣ ಸಾಫ್ಟ್‌ವೇರ್. ಪ್ರೋಗ್ರಾಮ್ ಬರೆಯುವವರ ಕಂಪ್ಯೂಟರಿನಲ್ಲಿ ಯಾರಿಗೂ ಬೇಡವಾದ ಫೈಲುಗಳು ಅಟ್ಟದ ಮೇಲಿನ ಹಳೆ ಸಾಮಾನಿನಂತೆ ಸೇರುತ್ತ ಹೋಗುತ್ತವೆ. ಬೇರೆ ಯಾವ ಫೈಲೂ ಕರೆಯದ ಫೈಲನ್ನು ಹುಡುಕಿ ಎಸೆಯುವುದು ಪೊರಕೆಯ ಕೆಲಸ. ನೀರಿನ ಬಿಲ್ ಕಚೇರಿಯಲ್ಲಿ ಪ್ರೋಗ್ರಾಮರ್ ಆಗಿದ್ದ ಅವಳು ತನ್ನ ಅನುಕೂಲಕ್ಕೆ ಬರೆದುಕೊಂಡದ್ದನ್ನು, ಯಾರಿಗಾದರೂ ಉಪಯೋಗವಾಗಲಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟಳು. ಸಾವಿರಾರು ಜನಕ್ಕೆ ಉಪಯೋಗವಾಯಿತು. ಅವರೆಲ್ಲ ಭಾನುವಾರ ಬಿಡುವಾದಾಗ ಅವಳಿಗೆ ದೂರು ಬರೆಯತೊಡಗಿದರು.

"ಊರವರ ಮನೆಯೆಲ್ಲ ಗುಡಿಸ್ತೀಯ, ನಿನ್ನ ರೂಮ್ ನೋಡ್ಕೋ ಒಂದ್ಸಲ," ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳುವುದು ವಾಡಿಕೆಯಾಗಿತ್ತು.

ಈ ಸಲ ಅವಳು ನಿಶ್ಚಯ ಮಾಡಿದ್ದಳು. ಊರಿನ ಪ್ರೋಗ್ರಾಮರುಗಳು ತಾವೇ ಸೇರಿ, ಕೈಯಿಂದ ಹಣ ಹಾಕಿ ನಡೆಸುವ ಒಂದು ದಿನದ ಕಾನ್ಫರೆನ್ಸ್ ಇತ್ತು. ತಾವು ಬರೆದ ಉಪಯುಕ್ತ ಟೂಲ್‌ಗಳನ್ನು ಒಬ್ಬರಿಗೊಬ್ಬರು ತೋರಿಸಿ ಹಂಚಿಕೊಳ್ಳುವುದು ಅದರ ಉದ್ದೇಶ. ಅವಳಿಗೆ ಇಪ್ಪತ್ತು ನಿಮಿಷ ಸಿಕ್ಕಿತ್ತು. ಹತ್ತೊಂಬತ್ತು ನಿಮಿಷ ಪೊರಕೆಯ ಬಗ್ಗೆ ಹೇಳಿ, ಕೊನೆಯ ನಿಮಿಷದಲ್ಲಿ "ಇವತ್ತಿಗೆ ಇದನ್ನು ನಿಲ್ಲಿಸಿದ್ದೇನೆ, ಎಲ್ಲರಿಗೂ ನಮಸ್ಕಾರ" ಎಂದು ಇಳಿದು ಬರುವುದು. ಆ ಶನಿವಾರಕ್ಕೆ ಪೊರಕೆಗೆ ಸರಿಯಾಗಿ ಏಳು ವರ್ಷ ತುಂಬುತ್ತಿತ್ತು.

ಆದರೆ ಮೂರು ವಾರ ಮುಂಚೆ ಕಾನ್ಫರೆನ್ಸಿನ ವೆಬ್‌ಸೈಟಿನಲ್ಲಿ ಕಾರ್ಯಕ್ರಮದ ಹೊಸ ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರೇ ಇರಲಿಲ್ಲ.

*

ಲೈಬ್ರರಿಯ ಮಹಡಿಯ ಮೇಲೊಂದು ಕೋಣೆ. ಕಾನ್ಫರೆನ್ಸ್ ಸಮಿತಿಯವರು ಸಂಜೆ ಅಲ್ಲಿ ಸೇರುತ್ತಾರೆಂದು ತಿಳಿದು ಅವಳು ಕಚೇರಿಯಿಂದ ನೇರ ಅಲ್ಲಿಗೇ ಹೋದಳು. ಉದ್ದನೆಯ ಮೇಜಿನ ಮೇಲೆ ಬ್ಯಾಡ್ಜ್‌ಗಳ ರಾಶಿ. ಒಂದು ತುದಿಯಲ್ಲಿ ತಲೆ ನೆರೆತ ಹೆಂಗಸೊಬ್ಬರು ರಸೀದಿ ಜೋಡಿಸುತ್ತಿದ್ದರು. ಇನ್ನೊಂದು ತುದಿಯಲ್ಲಿ ಒಬ್ಬ, ಬ್ಯಾಡ್ಜಿನ ದಾರಗಳ ಗೋಜಲಿನಲ್ಲಿ ಮೊಣಕೈವರೆಗೆ ಸಿಕ್ಕಿಕೊಂಡಿದ್ದ.

"ಇಲ್ಲಿ ಹೆಸರು ಅಳಿಸೋರು ಯಾರು?" ಎಂದಳು.

"ಟಿಕೆಟ್ ಖಾಲಿ ಆಯ್ತು ಮೇಡಂ," ಎಂದ ಅವನು ತಲೆಯೆತ್ತದೆ.

"ನಾನು ಕೇಳೋಕೆ ಬರ್ತಿರೋಳಲ್ಲ, ಮಾತಾಡೋಕೆ. ಹೋದ ವಾರ ನನ್ನ ಹೆಸರಿತ್ತು, ಇವತ್ತಿಲ್ಲ. ಬೇಡ ಅನ್ನಿಸಿದ್ರೆ ಒಂದು ಫೋನ್ ಮಾಡಬಹುದಿತ್ತಲ್ವಾ?"

ಈಗ ಅವನು ತಲೆಯೆತ್ತಿದ. ದಾರ ಸಮೇತ ಲ್ಯಾಪ್‌ಟಾಪ್ ಎಳೆದುಕೊಂಡು ಏನೋ ಒತ್ತಿದ. ಅವನ ಎಡಹುಬ್ಬು ಮೆಲ್ಲಗೆ ಮೇಲೇರಿ ಅಲ್ಲೇ ನಿಂತುಬಿಟ್ಟಿತು.

"ನಿಮ್ಮ ವಿಷಯ ಯಾವುದು?"

"ಪೊರಕೆ."

ಅವನು ಲ್ಯಾಪ್‌ಟಾಪ್ ಮುಚ್ಚಿದ. ಮತ್ತೆ ತೆರೆದ. "ಹಾಗಾದ್ರೆ ಮೇಡಂ... ನಿಮ್ಮನ್ನ ನಿಮ್ಮ ಪೊರಕೆಯೇ ಗುಡಿಸಿದೆ."

ನಡೆದದ್ದು ಇಷ್ಟು. ವೆಬ್‌ಸೈಟಿನಲ್ಲಿ ಹಳೆಯ ಪಟ್ಟಿ ತೆಗೆದು ಹೊಸದನ್ನು ಕಟ್ಟುವ ಮಧ್ಯದಲ್ಲಿ, ಸ್ವಲ್ಪ ಚೊಕ್ಕಟ ಮಾಡೋಣವೆಂದು ಅವನು ಪೊರಕೆ ಓಡಿಸಿದ್ದ. ಆ ಗಳಿಗೆಯಲ್ಲಿ ಭಾಷಣಕಾರರ ಪುಟಗಳನ್ನು ಕರೆಯುವ ಪಟ್ಟಿಯೇ ಇರಲಿಲ್ಲ. ಯಾರೂ ಕರೆಯದ ಪುಟಗಳು ಕಸವೆಂದು ಪೊರಕೆ ಎಲ್ಲವನ್ನೂ ಎಸೆಯಿತು. ಅವನು ಗಾಬರಿಯಾಗಿ ಹಳೆಯ ಪ್ರತಿಯಿಂದ ವಾಪಸ್ ತಂದ. ಆದರೆ ಕೊನೆಯ ವಾರ ಸೇರಿಸಿದ ನಾಲ್ಕು ಹೆಸರು ಆ ಪ್ರತಿಯಲ್ಲಿರಲಿಲ್ಲ. ಇಪ್ಪತ್ತೆರಡು ಜನ ಹದಿನೆಂಟಾಗಿದ್ದು ಅವನ ಗಮನಕ್ಕೂ ಬಂದಿರಲಿಲ್ಲ.

"ಗುಡಿಸೋ ಮುಂಚೆ 'ಮೊದಲು ತೋರಿಸು' ಅಂತ ಒಂದು ಆಯ್ಕೆ ಇದೆ. ಏನೇನು ಎಸೀತೀನಿ ಅಂತ ಪಟ್ಟಿ ಕೊಡುತ್ತೆ. ನೋಡಿದ್ರಾ?"

"ಇದೆಯಾ?"

"ಕೈಪಿಡಿಯಲ್ಲಿ ಬರೆದಿದ್ದೀನಿ."

"ಅದು ಮೂವತ್ತೆಂಟು ಪುಟ ಇದೆ ಮೇಡಂ. ನಾನು ಶೀರ್ಷಿಕೆ ಓದಿದೆ. ಚೆನ್ನಾಗಿತ್ತು."

"ಗುಡಿಸಿ ಗುಂಡಾಂತರ ಮಾಡಿದ ಮೇಲೆ ಓದೋಕೆ ಎಲ್ರಿಗೂ ಬಿಡುವು ಸಿಗುತ್ತೆ ಬಿಡಮ್ಮ," ಎಂದರು ರಸೀದಿ ಜೋಡಿಸುತ್ತಿದ್ದವರು. ಅವರು ಬ್ಯಾಂಕಿನಿಂದ ನಿವೃತ್ತರಾಗಿ ಆಮೇಲೆ ಪ್ರೋಗ್ರಾಮಿಂಗ್ ಕಲಿತವರು. ಸಮಿತಿಯ ಹಣ ನೋಡಿಕೊಳ್ಳುತ್ತಿದ್ದರಿಂದ ಎಲ್ಲರಿಗೂ ಖಜಾಂಚಿ ಅಕ್ಕ. "ಕೂತ್ಕೋ. ಇವನು ಬಸ್ಸುಗಳ ವೇಳಾಪಟ್ಟಿ ಮಾಡೋ ಪ್ರೋಗ್ರಾಮರ್ರು. ನಮ್ಮ ಕಾನ್ಫರೆನ್ಸಲ್ಲಿ ಟೈಮಾದ ತಕ್ಷಣ ಗಂಟೆ ಹೊಡೆಯೋನು. ಹೋದ ವರ್ಷ ಮುಖ್ಯ ಅತಿಥಿ ವಾಕ್ಯದ ಮಧ್ಯ ಇದ್ದಾಗಲೇ ಹೊಡೆದ. ಅವತ್ತಿಂದ ಇವನ ಹೆಸರೇ ಗಂಟೆ."

"ಇಪ್ಪತ್ತು ನಿಮಿಷ ಅಂದ್ರೆ ಇಪ್ಪತ್ತು ನಿಮಿಷ ಅಕ್ಕ," ಎಂದ ಗಂಟೆ. "ಟೈಮಾಯ್ತು ಅಂದ್ರೆ ಬಸ್ಸು ಹೊರಟಿತು."

ಸಿಟ್ಟು ಮಾಡಲು ಬಂದವಳಿಗೆ ನಗು ಬಂತು. ಅದನ್ನು ಮುಚ್ಚಿಕೊಳ್ಳಲು ಕನ್ನಡಕ ತೆಗೆದು ಒರೆಸಿದಳು. ಅವನು ನೋಡಬಾರದೆಂದು ಒರೆಸಿದ್ದು. ಅವನು ಮಾತ್ರ ದಾರ ಬಿಡಿಸುವುದನ್ನು ಬಿಟ್ಟು ನೋಡುತ್ತಿದ್ದ.

*

ನಾಲ್ಕು ಹೆಸರುಗಳನ್ನು ವಾಪಸ್ ಹಾಕಲು ಅರ್ಧ ಗಂಟೆ ಸಾಕಾಯಿತು. ಅವಳು ಮಾತ್ರ ಮರುದಿನವೂ ಬಂದಳು. ನೂರ ಎಂಬತ್ತು ಬ್ಯಾಡ್ಜ್‌ಗೆ ದಾರ ಪೋಣಿಸಲು ಕೈ ಬೇಕಿತ್ತು ಎನ್ನುವುದು ನೆಪ. ಅವನು ರಂಧ್ರ ಹಾಕುವುದು, ಅವಳು ಪೋಣಿಸುವುದು. ಬ್ಯಾಡ್ಜ್ ಕೈ ದಾಟುವಾಗ ಬೆರಳು ತಾಗಿದರೆ ಇಬ್ಬರೂ ಬ್ಯಾಡ್ಜಿನ ಮೇಲಿನ ಹೆಸರನ್ನು ಬಹಳ ಗಮನವಿಟ್ಟು ಓದುತ್ತಿದ್ದರು.

"ಆ ಬ್ಯಾಡ್ಜಲ್ಲಿ ಅಷ್ಟೊಂದು ಓದೋದೇನಿದೆ?" ಎಂದು ಅಕ್ಕ ರಸೀದಿಯ ಹಿಂದಿನಿಂದ ಕೇಳುತ್ತಿದ್ದರು.

ಎರಡನೆಯ ವಾರ ಅವಳು ತನ್ನ ಕೊನೆಯ ನಿಮಿಷದ ಗುಟ್ಟನ್ನು ಅವನಿಗೊಬ್ಬನಿಗೇ ಹೇಳಿದಳು.

ಅವನ ಕೈ ನಿಂತಿತು. "ನಿಲ್ಲಿಸಿಬಿಡ್ತೀರಾ? ಯಾರಿಗಾದ್ರೂ ವಹಿಸಿಕೊಡಬಹುದಲ್ಲ."

"ಏಳು ವರ್ಷದಲ್ಲಿ 'ಇದು ಸರಿ ಇಲ್ಲ' ಅಂದೋರು ಮೂರು ಸಾವಿರ ಜನ. 'ನಾನು ಸರಿ ಮಾಡ್ಲಾ' ಅಂದೋರು ಒಬ್ಬರೂ ಇಲ್ಲ. ಯಾರಿಗೆ ಕೊಡ್ಲಿ?"

ಅವನು ಅಂದಿನಿಂದ ಪ್ರಶ್ನೆ ಕೇಳಲು ಶುರುಮಾಡಿದ. ಪೊರಕೆ ಒಂದು ಫೋಲ್ಡರನ್ನು ಬಿಟ್ಟು ಗುಡಿಸಬೇಕಾದರೆ ಏನು ಮಾಡಬೇಕು? ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆ? ಎಸೆದದ್ದು ಎಲ್ಲಿಗೆ ಹೋಗುತ್ತದೆ? ಟೀ ಕುಡಿಯುವಾಗ, ಮೆಟ್ಟಿಲಿಳಿಯುವಾಗ, ಬಸ್‌ಸ್ಟಾಪಿನಲ್ಲಿ. ಮೊದಮೊದಲು ಅವಳಿಗೆ ಖುಷಿಯಾಯಿತು. ಆಮೇಲೆ, ಇಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲವಲ್ಲ ಎನ್ನಿಸಿತು.

ಕಾನ್ಫರೆನ್ಸಿಗೆ ಆರು ದಿನವಿದ್ದಾಗ, ಭಾನುವಾರ ಬೆಳಿಗ್ಗೆ, ಫೋನಿನ ಮೇಲೆ ಅವನ ಹೆಸರು ಕಂಡಿತು. ಅವಳು ಕನ್ನಡಿಯ ಮುಂದೆ ಒಂದು ಸಲ ಕೂದಲು ಸರಿಮಾಡಿಕೊಂಡು ಫೋನ್ ಎತ್ತಿದಳು. ವಿಡಿಯೋ ಕರೆಯೇನೂ ಆಗಿರಲಿಲ್ಲ.

"ಒಂದು ಸಣ್ಣ ಡೌಟು," ಎಂದ ಅವನು. "ಎರಡು ಪೊರಕೆ ಒಟ್ಟಿಗೆ ಓಡಿದ್ರೆ..."

ಅವಳು ಕನ್ನಡಿಗೆ ಬೆನ್ನು ತಿರುಗಿಸಿದಳು. "ನೀವೂ ಭಾನುವಾರದ ಗಿರಾಕಿನೇನಾ?" ಎಂದಳು. "ನಾನು ಬೇರೆ ಅಂದ್ಕೊಂಡಿದ್ದೆ."

ಅವನು "ತಪ್ಪಾಯ್ತು" ಎಂದು ಫೋನಿಟ್ಟ. ಅವನ ಪ್ರಶ್ನೆಗಳು ಅಲ್ಲಿಗೆ ನಿಂತವು. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಅವಳು ಬುಧವಾರ ಅವನ ಪಕ್ಕದಲ್ಲೇ ಕೂತು ಬ್ಯಾಗುಗಳಿಗೆ ಪೆನ್ನು ತುಂಬಿದಳು. ಅವನು "ಪೆನ್ನು ಕೊಡಿ", "ಬ್ಯಾಗು ತಗೊಳ್ಳಿ" ಎಂಬೆರಡು ಮಾತು ಬಿಟ್ಟು ಬೇರೆ ಆಡಲಿಲ್ಲ. ಮನೆಗೆ ಹೋಗಿ ಅವಳು ಭಾಷಣದ ಕೊನೆಯ ವಾಕ್ಯವನ್ನು ಇನ್ನಷ್ಟು ಗಟ್ಟಿಯಾಗಿ ತಿದ್ದಿದಳು.

*

ಶನಿವಾರ ಕಾಲೇಜಿನ ಸಭಾಂಗಣ ತುಂಬಿತ್ತು. ಒಬ್ಬ ಮೇಷ್ಟ್ರು ಫೋಟೋಗಳ ಗಾತ್ರ ಇಳಿಸುವ ಟೂಲ್ ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಇನ್ನೊಬ್ಬರ ಲ್ಯಾಪ್‌ಟಾಪ್ ಕೈಕೊಟ್ಟು, ಅವರು ಟೂಲನ್ನು ಕೈಸನ್ನೆಯಲ್ಲೇ ತೋರಿಸಿದರು. ಇಬ್ಬರಿಗೂ ಇಪ್ಪತ್ತನೆಯ ನಿಮಿಷಕ್ಕೆ ಸರಿಯಾಗಿ ಗಂಟೆ ಟಣ್ಣೆಂದಿತು.

ಊಟದ ನಂತರ ಅವಳ ಸರದಿ. ಹದಿನೈದು ನಿಮಿಷ ಚೆನ್ನಾಗಿ ಹೋಯಿತು. ತನ್ನ ಹೆಸರನ್ನು ತನ್ನ ಪೊರಕೆಯೇ ಗುಡಿಸಿದ ಕತೆ ಹೇಳಿದಾಗ ಸಭೆ ಗೊಳ್ಳೆಂದಿತು. ಹದಿನೇಳನೆಯ ನಿಮಿಷಕ್ಕೆ ನೋಡುತ್ತಾಳೆ, ಮುಂದಿನ ಸಾಲಿನವರು ಬ್ಯಾಗಿನಿಂದ, ಬುಧವಾರ ಅದರಲ್ಲಿರದ ಹಳದಿ ಕಾಗದವೊಂದನ್ನು ತೆಗೆದು ಓದುತ್ತ, ತಮ್ಮಷ್ಟಕ್ಕೆ ನಗುತ್ತಿದ್ದಾರೆ.

"ನನ್ನ ಮಾತಿಗಿಂತ ಚೆನ್ನಾಗಿರೋದು ಅದೇನದು?" ಎಂದಳು.

ಒಬ್ಬ ಹುಡುಗಿ ಎದ್ದು ಬಂದು ಕಾಗದ ಕೊಟ್ಟಳು. ಮೇಲೆ 'ಗುಡಿಸುವ ಮುನ್ನ' ಎಂದಿತ್ತು. ಅವಳು ಮೈಕಿನಲ್ಲೇ ಓದಿದಳು.

"'ಪೊರಕೆಯ ಕೈಪಿಡಿ ಮೂವತ್ತೆಂಟು ಪುಟ. ನೀವು ಓದುವುದಿಲ್ಲ, ನಾನೂ ಓದಿರಲಿಲ್ಲ. ಅದಕ್ಕೇ ಈ ಒಂದು ಹಾಳೆ. ಮೊದಲು ತೋರಿಸು ಎನ್ನಿ. ತೋರಿಸಿದ್ದನ್ನು ಕಣ್ಣು ಬಿಟ್ಟು ನೋಡಿ. ಇದನ್ನು ಬರೆದವನು ನೋಡದೆ ನಾಲ್ವರು ಭಾಷಣಕಾರರನ್ನು ಕಸದ ಬುಟ್ಟಿಗೆ ಹಾಕಿದ.'"

ಸಭೆ ಮತ್ತೆ ನಕ್ಕಿತು. ಅವಳು ಮುಂದೆ ಓದಿದಳು. ಒಂದು ಫೋಲ್ಡರನ್ನು ಬಿಟ್ಟು ಗುಡಿಸುವುದು, ಅರ್ಧಕ್ಕೆ ನಿಲ್ಲಿಸುವುದು, ಎಸೆದದ್ದನ್ನು ಹುಡುಕುವುದು. ಟೀ ಕುಡಿಯುವಾಗ, ಮೆಟ್ಟಿಲ ಮೇಲೆ, ಬಸ್‌ಸ್ಟಾಪಿನಲ್ಲಿ ಅವಳು ಹೇಳಿದ್ದೆಲ್ಲ ಸಣ್ಣ ಸಣ್ಣ ಸರಳ ವಾಕ್ಯಗಳಾಗಿ ಅಲ್ಲಿ ಕೂತಿತ್ತು. ಒಂದೂ ತಪ್ಪಿಲ್ಲ. ತಲೆಗೆ ಹೋಗದವನು ಬರೆಯುವ ಬರಹವಲ್ಲ ಅದು.

ಕೊನೆಯ ಸಾಲಿಗೆ ಬಂದಾಗ ಅವಳ ದನಿ ಸಣ್ಣದಾಯಿತು.

"'ಇಷ್ಟಾದ ಮೇಲೂ ಸಂದೇಹವಿದ್ದರೆ ಪೊರಕೆ ಬರೆದವರನ್ನು ಕೇಳಬೇಡಿ. ಅವರಿಗೆ ಭಾನುವಾರ ಬೇಕು. ನನ್ನನ್ನು ಕೇಳಿ.'" ಕೆಳಗೆ ಅವನ ಫೋನ್ ನಂಬರಿತ್ತು.

ಅವಳು ತಲೆಯೆತ್ತಿದಳು. ಬದಿಯ ಕುರ್ಚಿಯಲ್ಲಿ ಅವನು ಗಂಟೆ ಹಿಡಿದು ಕೂತಿದ್ದ. ಎಡಹುಬ್ಬು ಮೇಲೇರಿತ್ತು. ಗೋಡೆಯ ಗಡಿಯಾರದಲ್ಲಿ ಇಪ್ಪತ್ತೊಂದು ನಿಮಿಷವಾಯಿತು, ಇಪ್ಪತ್ತೆರಡಾಯಿತು. ಅವನು ಗಡಿಯಾರ ನೋಡಲೇ ಇಲ್ಲ.

"ಕೊನೆಗೆ ಒಂದು ಮಾತು ಹೇಳಬೇಕು ಅಂತ ಬಂದಿದ್ದೆ," ಎಂದಳು ಮೈಕಿನಲ್ಲಿ. "ಅದನ್ನ ಇವತ್ತು ಹೇಳಲ್ಲ. ಗಂಟೆಯವರೇ, ಹೊಡೀರಿ. ಬಸ್ಸು ಹೋಗಿ ಎಷ್ಟೋ ಹೊತ್ತಾಯ್ತು."

ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಖಜಾಂಚಿ ಅಕ್ಕ ಎದ್ದು ಬಂದು, ಅವನ ಕೈಯಿಂದ ಗಂಟೆ ಕಿತ್ತುಕೊಂಡು ತಾವೇ ಹೊಡೆದರು.

*

ಸಂಜೆ ಸಭಾಂಗಣ ಖಾಲಿಯಾದ ಮೇಲೆ ಇಬ್ಬರೂ ಕುರ್ಚಿ ಜೋಡಿಸುತ್ತಿದ್ದರು.

"ಭಾನುವಾರ ಫೋನ್ ಮಾಡಿದ್ದು ಇದಕ್ಕೇನಾ?"

"ಮಧ್ಯಾಹ್ನ ಪ್ರಿಂಟಿಗೆ ಕೊಡಬೇಕಿತ್ತು. ಎರಡು ಪೊರಕೆ ಒಟ್ಟಿಗೆ ಓಡೋ ವಿಷಯ ಒಂದೇ ಬಾಕಿ ಇತ್ತು. ಅದನ್ನ ಬಿಟ್ಟೇ ಕೊಟ್ಟೆ."

"ಹೇಳಬಹುದಿತ್ತಲ್ಲ! ನಾನು ಏನೇನೋ ಅಂದೆ."

"ಅಂದಿದ್ದು ಸರಿಯಾಗೇ ಇತ್ತು. ಭಾನುವಾರ ತಾನೇ?" ಅವನು ಕುರ್ಚಿಯೊಂದನ್ನು ಇನ್ನೊಂದರ ಮೇಲೆ ತಲೆಕೆಳಗಾಗಿ ಇಟ್ಟು, ಮತ್ತೆ ಸರಿಮಾಡಿದ. "ಒಂದು ಹೇಳ್ತೀನಿ. ಆ ಹಾಳೆ ನಿಮ್ಮನ್ನ ತಡೆಯೋಕೆ ಬರೆದಿದ್ದಲ್ಲ. ಪೊರಕೆ ನಿಮ್ಮದು. ನಿಲ್ಲಿಸೋದಾದ್ರೆ ನಾಳೆಯೇ ನಿಲ್ಲಿಸಿ."

"ಮತ್ಯಾಕೆ ಬರೆದ್ರಿ?"

"ನಿಮ್ಮ ಭಾನುವಾರಗಳು ನಿಮಗೆ ವಾಪಸ್ ಸಿಕ್ಕಿದ್ರೆ, ಅದರಲ್ಲೊಂದು ನನಗೆ ಕೊಡ್ತೀರಾ ಅಂತ ಕೇಳೋಣ ಅಂತ." ಅವನ ಕಿವಿ ಕೆಂಪಾಗಿತ್ತು. "ಸ್ವಾರ್ಥ. ಬೇರೇನಿಲ್ಲ."

ಅವಳು ಕನ್ನಡಕ ತೆಗೆದಳು. ಈ ಸಲ ಒರೆಸಲಿಲ್ಲ. ನಗುವನ್ನು ಮುಚ್ಚಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

"ನೂರ ಎಂಬತ್ತು ಜನಕ್ಕೆ ನಂಬರ್ ಹಂಚಿದ್ದೀರಿ. ಫೋನ್ ಬಂದ್ರೆ?"

"ಬಂತು ಆಗಲೇ. ನಾಲ್ಕು."

"ಉತ್ತರ ಗೊತ್ತಿತ್ತಾ?"

"ಎರಡಕ್ಕೆ ಗೊತ್ತಿತ್ತು. ಇನ್ನೆರಡಕ್ಕೆ ನಿಮ್ಮನ್ನ ಕೇಳಬೇಕು. ನಾಳೆ ಅಲ್ಲ," ಎಂದ ಗಡಿಬಿಡಿಯಿಂದ. "ಸೋಮವಾರ ಕೇಳ್ತೀನಿ."

"ಸೋಮವಾರ ಕೇಳಿ," ಎಂದಳು. "ನಾಳೆ ಸುಮ್ನೆ ಬನ್ನಿ. ಏನೂ ಕೇಳಬೇಡಿ. ಅಮ್ಮನಿಗೆ ಮಾತ್ರ ಪ್ರಶ್ನೆಗಳಿರ್ತವೆ, ಮೂವತ್ತೆಂಟು ಪುಟ."

"ಅದನ್ನ ಪೂರ್ತಿ ಓದ್ತೀನಿ," ಎಂದ ಅವನು.

"ಗಂಡಸ್ರು ಮೊದಲು ಎಲ್ಲ ಹಾಗೇ ಹೇಳ್ತಾರಮ್ಮ," ಎಂದರು ವೇದಿಕೆಯ ಮೇಲೆ ತಂತಿ ಸುತ್ತುತ್ತಿದ್ದ ಖಜಾಂಚಿ ಅಕ್ಕ. "'ಮೊದಲು ತೋರಿಸು' ಅನ್ನು."

ಪೊರಕೆ ನಿಲ್ಲಲಿಲ್ಲ. ಅದನ್ನು ತಿದ್ದುವ ಹಕ್ಕನ್ನು ಅವಳು ಅವನಿಗೂ ಕೊಟ್ಟಳು. ದೂರುಗಳನ್ನು ಈಗ ಇಬ್ಬರೂ ಬುಧವಾರ ಸಂಜೆ ಕೂತು ನೋಡುತ್ತಾರೆ. ಎರಡು ಪೊರಕೆ ಒಟ್ಟಿಗೆ ಓಡಿದರೆ ಏನಾಗುತ್ತದೆಂಬುದನ್ನು ಹಾಳೆಯ ಎರಡನೆಯ ಮುದ್ರಣದಲ್ಲಿ ಸೇರಿಸಿದ್ದಾರೆ. ಹೋದ ಮುನ್ನೂರ ಅರವತ್ತನಾಲ್ಕು ಭಾನುವಾರಗಳು ಹೋದವು, ಅವು ವಾಪಸ್ ಬರಲಿಲ್ಲ. ಮುನ್ನೂರ ಅರವತ್ತೈದನೆಯದು ಅವಳದಾಯಿತು. ಅದರಲ್ಲಿ ಅರ್ಧ ಅವನಿಗೆ.